ಖಾಲಿ ಬಿಟ್ಟ ಜಾಗ

ಅತ್ತೆ ತೀರಿಕೊಂಡ ಮೇಲೆ ಸುವರ್ಣಮ್ಮನಿಗೆ ಊಟ ರುಚಿಸುತ್ತಿಲ್ಲ, ಯಾರ ಮೇಲೂ ಕೋಪ ಬರುತ್ತಿಲ್ಲ. ಸೊಸೆ ಶ್ರಾವಣಿಯನ್ನೂ ಅವಳ ಕೂಸನ್ನೂ ಕರೆದುಕೊಂಡು ದಾವಣಗೆರೆಯ ಸೆಟ್ಟಿಂಗ್ಸ್ ಕೇಂದ್ರಕ್ಕೆ ಬಂದರು. ಊರಿನವರೆಲ್ಲ ತಮ್ಮ ಇಷ್ಟಾನಿಷ್ಟಗಳನ್ನು ಹಾಕಿಸಿಕೊಳ್ಳುವುದು ಅಲ್ಲೇ.

ಕೌಂಟರಿನಲ್ಲಿದ್ದ ಮುಬೀನಾ ಪರದೆ ನೋಡಿ ಹುಬ್ಬೇರಿಸಿದಳು.

"ಅಮ್ಮಾ, ಮದುವೆ ದಿನ ನೀವು ಏನೂ ಹಾಕಿಸಿಕೊಂಡೇ ಇಲ್ವಲ್ಲ!"

"ತವರಿನದೆಲ್ಲ ಅಳಿಸಿ ಖಾಲಿ ಬಿಡೋದೇ ಮರ್ಯಾದೆ ಅಲ್ವೇನಮ್ಮ? ಅತ್ತೆ ಹೆಂಗೋ ಹಂಗೆ ಅಂತ."

"ಅದಕ್ಕೇ ಇಷ್ಟು ವರ್ಷ ನಿಮಗೆ ಅವರದ್ದೇ ಬರ್ತಿತ್ತು. ಈಗ ಅವರಿಲ್ಲ."

ಬೆಚ್ಚಿಬೀಳುವುದೊಂದನ್ನು ಮಾತ್ರ ಯಾರೂ ಹಾಕಿಸಿಕೊಳ್ಳಬೇಕಿಲ್ಲ. ಸುವರ್ಣಮ್ಮ ಬೆಚ್ಚಿದರು. ಹಾಗಲಕಾಯಿ ಗೊಜ್ಜಿನ ಆಸೆ, ಹಲ್ಲಿಯ ಭಯ, ಮಗನಿಗೆ ಜ್ವರ ಬಂದಾಗಿನ ಸಂಕಟ?

"ಎಲ್ಲಾನೂ ಅವರದ್ದೇನಾ?"

"ಎಲ್ಲಾನೂ. ಈಗ ಹಾಕೋಣ ಬಿಡಿ. ಕಾಫಿಗೆ ಸಕ್ಕರೆ ಜಾಸ್ತಿನೋ ಕಮ್ಮಿನೋ?"

"ನೀನಾದ್ರೂ ಹೇಳೇ, ನನಗೇನು ಇಷ್ಟ?" ಎಂದು ಸುವರ್ಣಮ್ಮ ಸೊಸೆಯ ಕಡೆ ತಿರುಗಿದರು.

ಶ್ರಾವಣಿ ಸುಮ್ಮನೆ ಗೋಡೆ ನೋಡುತ್ತಿದ್ದಳು. ಪಕ್ಕದ ಬೆಂಚಿನ ಮೇಲೆ ಕೂಸು ಕಿರುಚಿ ಕಿರುಚಿ ಅಳುತ್ತಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಮುಬೀನಾ ಇನ್ನೊಂದು ಪುಟ ತೆರೆದವಳೇ ಎದ್ದು ನಿಂತಳು. "ನಿಮ್ಮ ಸೊಸೆನೂ ಖಾಲಿ ಬಿಟ್ಟಿದ್ದಾರಮ್ಮ! ಅವರಿಗೆ ಬರೋದು ನಿಮ್ಮದೇ. ಸಕ್ಕರೆ ಹಾಳಾಗ್ಲಿ, ಮಕ್ಕಳ ಮೇಲೆ ಮಮತೆ ಎಷ್ಟು ಹಾಕ್ಲಿ? ಬೇಗ ಹೇಳಿ!"

ಸುವರ್ಣಮ್ಮ ಅಳುವ ಮೊಮ್ಮಗುವನ್ನೇ ನೋಡಿದರು. ಎಷ್ಟು ನೋಡಿದರೂ ಎದೆಯಲ್ಲಿ ಏನೂ ಮಿಸುಕಲಿಲ್ಲ.

"ಬೇರೆಯವರು ಎಷ್ಟು ಹಾಕಿಸ್ಕೊಳ್ತಾರಮ್ಮ?" ಎಂದು ಕೇಳಿದರು.