ಹಿಮ್ಮಡಿ ಉಜ್ಜುವ ಕಲ್ಲು

ಹಿಮ್ಮಡಿ ಉಜ್ಜುವ ಕಲ್ಲು ಬಚ್ಚಲಲ್ಲಿ ಇರಲಿಲ್ಲ. ಬಕೆಟ್ಟಿನ ಹಿಂದೆ, ಸೋಪಿನ ಡಬ್ಬಿಯ ಕೆಳಗೆ, ಬಾಗಿಲ ಸಂದಿಯಲ್ಲಿ ಹುಡುಕಿ ಹುಡುಕಿ ಸಾಕಾಗಿ ಟೀಚರಮ್ಮ ಒದ್ದೆ ಕಾಲಲ್ಲೇ ಹೊರಗೆ ಬಂದರು. ವಾರವಿಡೀ ಕಪ್ಪುಹಲಗೆಯ ಮುಂದೆ ನಿಂತು ಗಣಿತ ಹೇಳಿಕೊಡುವ ಕಾಲು ಅದು. ಶನಿವಾರಕ್ಕೊಮ್ಮೆ ಉಜ್ಜದಿದ್ದರೆ ಬಿರುಕು ಬಿಟ್ಟು ಹೊದಿಕೆಗೆಲ್ಲ ಸಿಕ್ಕಿಕೊಳ್ಳುತ್ತದೆ. "ರೀ, ನನ್ನ ಕಲ್ಲು ನೋಡಿದ್ರಾ?" ಎಂದು ಕೂಗಿದರು. ಕಾರಿನ ಶೆಡ್ಡಿನಿಂದ ಕರ್ ಕರ್ ಎಂಬ ಸದ್ದು ಬಂತು.

ಹೋಗಿ ನೋಡಿದರೆ, ವಿಮಾ ಕಂಪನಿಯ ಮ್ಯಾನೇಜರ್ ಸಾಹೇಬರು, ಅಂದರೆ ಅವರ ಯಜಮಾನರು, ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾರಿನ ಟೈರು ಉಜ್ಜುತ್ತಿದ್ದಾರೆ. ತೊಳೆಯುತ್ತಿಲ್ಲ, ಉಜ್ಜುತ್ತಿದ್ದಾರೆ. ಕೈಯಲ್ಲಿದ್ದ ಕಲ್ಲು ಇದ್ದಿಲಿನ ಹಾಗೆ ಕರ್ರಗಾಗಿದೆ.

"ಅಯ್ಯೋ, ಹೊಸ ಟೈರು ಕಣ್ರೀ! ಏನಾಗಿದೆ ನಿಮಗೆ?"

"ಹೊಸದು ಅಂತಾನೇ ಉಜ್ತಿರೋದು. ಮೆತ್ತಗೆ ಮಾತಾಡು."

ಟೈರಿನ ಕಥೆ ಟೀಚರಮ್ಮನಿಗೆ ಬಾಯಿಪಾಠ. ಕಾರು ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥ, ಒಳಗಿನ ಎಂಜಿನ್ ಮಾತ್ರ ರೇಸಿನದು. ಅದಕ್ಕೆ ತಕ್ಕ ಬೇಸಿಗೆ ಟೈರು ಆರಿಸಲು ಈ ಮನುಷ್ಯ ಚಳಿಗಾಲವೆಲ್ಲ ತಲೆ ತಿಂದಿದ್ದರು. ರಬ್ಬರು ಎಷ್ಟು ಮೆದು, ಕಾದ ರಸ್ತೆಯನ್ನು ಹೇಗೆ ಕಚ್ಚಿ ಹಿಡಿಯುತ್ತದೆ, ತಿರುವಿನಲ್ಲಿ ಎಷ್ಟು ಜಾರುತ್ತದೆ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಎಳೆ ಬದನೆಕಾಯಿ ಆರಿಸುವವರ ಹಾಗೆ ಅಂಗಡಿ ಅಂಗಡಿಯಲ್ಲೂ ಉಗುರು ಒತ್ತಿ ನೋಡಿದ್ದೇ ನೋಡಿದ್ದು. "ನನ್ನನ್ನ ಮದುವೆಯಾಗೋ ಮುಂಚೆ ಇದರಲ್ಲಿ ಕಾಲುಭಾಗ ವಿಚಾರಿಸಿದ್ರಾ?" ಎಂದು ಒಮ್ಮೆ ಕೇಳಿದ್ದಕ್ಕೆ, "ನಿನ್ನ ಮೇಲೆ ನಂಬಿಕೆ ಇತ್ತು ಕಣೇ" ಎಂದು ಜಾರಿಕೊಂಡಿದ್ದರು. ಕೊನೆಗೂ ಎಲ್ಲಕ್ಕಿಂತ ಬಿಗಿ ಹಿಡಿತದ್ದು ಅಂತ ಒಂದನ್ನು ಆರಿಸಿ ಹಾಕಿಸಿದರು. ಹಾಕಿಸಿದ ಮೇಲೂ ಅದೇ ಆಮೆ ನಡಿಗೆ. ತಿರುವು ಬಂದರೆ ಹಾರ್ನ್ ಹೊಡೆದು, ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಟ್ಟು ಆಮೇಲೆ ತಿರುಗುವ ಜನ ಅವರು.

"ನಾಳೆ ಕ್ಯಾಪ್ಟನ್ ಟೈರು ನೋಡ್ತಾರೆ" ಎಂದರು ಯಜಮಾನರು, ತಲೆ ಎತ್ತದೆ. ಕ್ಯಾಪ್ಟನ್ ಎಂದರೆ ಸೈನ್ಯದವರೇನಲ್ಲ, ಹಲ್ಲಿನ ಡಾಕ್ಟರು; ಪ್ರತಿ ಭಾನುವಾರ ಬೆಟ್ಟದ ರಸ್ತೆ ಹತ್ತುವ ಕಾರುಗಳ ದಂಡಿಗೆ ಮುಖಂಡ. "ಹೋದ ವಾರ ಎಲ್ಲರೆದುರಿಗೂ ನನ್ನ ಟೈರಿನ ಕೂದಲು ಎಳೆದು ತೋರಿಸಿದ್ರು. ಹುಟ್ಟಿದಾಗ ಬಂದ ರಬ್ಬರ್ ಕೂದಲು ಇನ್ನೂ ಉದುರಿಲ್ಲ, ಇವರು ಟೈರನ್ನ ಮುದ್ದು ಮಾಡ್ತಾರೆ ಅಂತ. ಎಲ್ಲಾ ಬಿದ್ದು ಬಿದ್ದು ನಕ್ಕರು. ತಿರುವಲ್ಲಿ ನುಗ್ಗಿಸಿ ಓಡಿಸಿದ್ರೆ ಅಂಚು ಸವೀಬೇಕಂತೆ. ನಾಳೆನೂ ಹೀಗೇ ಇದ್ರೆ ಗುಂಪಿಂದ ಕೈಬಿಡ್ತಾರೆ. ಅವರನ್ನ ಬಿಟ್ರೆ ನನಗೆ ಬೇರೆ ಸ್ನೇಹಿತರು ಯಾರಿದ್ದಾರೆ ಹೇಳು?"

ಬೈಯಲೆಂದು ಬಾಯಿ ತೆರೆದ ಟೀಚರಮ್ಮನಿಗೆ ಕರುಳು ಚುರ್ ಎಂದಿತು. ಐವತ್ತು ದಾಟಿದ ಗಂಡಸು, ಜೊತೆಯವರು ಆಟಕ್ಕೆ ಸೇರಿಸಿಕೊಳ್ಳಲಿಲ್ಲವೆಂದು ಅಳುವ ಮಗುವಿನ ಮುಖ ಮಾಡಿಕೊಂಡು ಕೂತಿದ್ದರು. ಟೀಚರಮ್ಮನೂ ಪಕ್ಕದಲ್ಲಿ ಕೂತು ನಾಲ್ಕೂ ಚಕ್ರ ಇಣುಕಿ ನೋಡಿ ಮೂಗು ಮುರಿದರು.

"ಎಲ್ಲಾದಕ್ಕೂ ಒಂದೇ ಸಮ ಉಜ್ಜಿದ್ದೀರಲ್ರೀ. ನಮ್ಮ ಕ್ಲಾಸಿನ ಕಳ್ಳರಿಗಿರೋ ಬುದ್ಧಿನೂ ಇಲ್ವಲ್ಲ ನಿಮಗೆ! ಅವರು ಲೆಕ್ಕ ಕಾಪಿ ಹೊಡೆದ್ರೂ ನಡುವೆ ಒಂದು ತಪ್ಪು ಸೇರಿಸ್ತಾರೆ. ಮುಂದಿನದು ಇನ್ನೂ ಜಾಸ್ತಿ ಸವೀಬೇಕು. ಕೊಡಿ ಇಲ್ಲಿ."

ಊಟದ ಹೊತ್ತಿನವರೆಗೂ ಚಳಿಗಾಲವೆಲ್ಲ ಕೂತು ಆರಿಸಿದ ಟೈರನ್ನು ಗಂಡ ಹೆಂಡತಿ ಸೇರಿ ಮುದಿ ಮಾಡಿದರು. ಇಬ್ಬರೂ ಕೂಡಿ ಒಂದು ಕಳ್ಳಕೆಲಸ ಮಾಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಟೀಚರಮ್ಮನಿಗೆ ಖುಷಿಯೇ ಆಯಿತು.

ಭಾನುವಾರ ಬೆಳಗ್ಗೆ ಫಲಿತಾಂಶ ನೋಡಲೆಂದೇ ಅವರೂ ಜೊತೆಗೆ ಹೊರಟರು. ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಕ್ಯಾಪ್ಟನ್ ಮಂಡಿಯೂರಿ, ಹುಳುಕು ಹಲ್ಲು ಹುಡುಕುವ ಹಾಗೆ ಮುಂದಿನ ಟೈರಿನ ಅಂಚಿನ ಮೇಲೆ ಬೆರಳಾಡಿಸಿದರು.

"ಭಲೇ! ಏನ್ ಸಾರ್, ಒಂದೇ ವಾರದಲ್ಲಿ ಹೀಗೆ ಸವೆಸಿಬಿಟ್ರಾ? ಬಾಲದಲ್ಲಿ ಬರೋ ಆಸಾಮಿನೇ ಅಲ್ಲ ನೀವು. ಇವತ್ತಿಂದ ನನ್ನ ಬೆನ್ನಿಗೇ ಬರಬೇಕು."

ಚಪ್ಪಾಳೆ ಬಿತ್ತು. ಯಜಮಾನರು ಹಲ್ಲು ಕಿರಿದರು. ಮಾತಿನ ಅರ್ಥ ತಲೆಗೆ ಇಳಿದ ಮೇಲೆ ಮುಖ ಬಿಳಿಚಿಕೊಂಡಿತು. ಕ್ಯಾಪ್ಟನ್ನಿನ ಬೆನ್ನಿಗೆ! ಆ ತಿರುವುಗಳಲ್ಲಿ! ಯಾವಾಗಲೂ ಬಾಲದಲ್ಲೇ ಇದ್ದುದರಿಂದ ಕ್ಯಾಪ್ಟನ್ನಿನ ವೇಗವನ್ನು ಅವರು ಕಣ್ಣಾರೆ ಕಂಡವರಲ್ಲ, ಕಿವಿಯಾರೆ ಕೇಳಿದ್ದಷ್ಟೇ. ಟೀಚರಮ್ಮನಿಗೆ ತಮ್ಮ ತಪ್ಪು ಹೊಳೆಯಿತು. ಸುಮ್ಮನಿರಲಾರದೆ ಕಲ್ಲು ಕಸಿದುಕೊಂಡವರು ತಾವೇ, ಈಗ ಗಂಡನನ್ನು ಪ್ರಪಾತದ ಕಡೆಗೆ ನೂಕಿದವರೂ ತಾವೇ.

ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಕ್ಯಾಪ್ಟನ್ನಿನ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. "ಅಕ್ಕಾ, ನಿಮ್ಮೆಜಮಾನ್ರು ತಿರುವಲ್ಲಿ ತುಂಬಾ ಜೋರಾಗಿ ಹೋಗ್ತಾರಾ?"

ಆಕೆಯ ಕಣ್ಣು ಟೀಚರಮ್ಮನ ಚಪ್ಪಲಿಯ ಮೇಲಿತ್ತು, ಉಜ್ಜದೆ ಬಿರಿದ ಹಿಮ್ಮಡಿಯ ಮೇಲೆ. ಒಂದು ಗುಟುಕು ಕಾಫಿ ಕುಡಿದು, ಅತ್ತಿತ್ತ ನೋಡಿ, ತಮ್ಮ ಒಂದು ಕಾಲನ್ನು ಚಪ್ಪಲಿಯಿಂದ ಮೆಲ್ಲಗೆ ಹೊರತೆಗೆದು ಹಿಮ್ಮಡಿ ತಿರುಗಿಸಿ ತೋರಿಸಿದರು. ಅಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಬಿರುಕು.

"ಹೆದರ್ಕೋಬೇಡಮ್ಮ" ಎಂದರು. "ನಮ್ಮನೇಲಿ ಕಾರಿನ ಶೆಡ್ಡು ಸೇರಿರೋದು ಇದು ಮೂರನೇ ಕಲ್ಲು."