ಪೊರಕೆ ಮುಟ್ಟದ ಮೂರು ಗಂಟೆ

"ಪೊರಕೆ ಕೆಳಗಿಡು ಗಿರಿಜಾ," ಎಂದರು ಷಡಕ್ಷರಪ್ಪ. "ಪ್ರತಿಮಾ ಇನ್ನೂ ಇಳಿದಿಲ್ಲ."

ಅಂಗಳದಿಂದ ನಡುಮನೆಯವರೆಗೆ ತೆಂಗಿನ ನಾರು, ಹೂವಿನ ತೊಟ್ಟು, ಬಾಳೆಲೆಯ ಚೂರು. ಹತ್ತು ಗಂಟೆಗೆ ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ಸೊಸೆ ಪೊರಕೆ ಹಿಡಿದುಕೊಂಡೇ ನಿಂತಳು.

"ಮಾವ, ಅವಳು ಹೊರಟಿದ್ದು ಬೆಂಗಳೂರಿಂದ. ನಮ್ಮ ಅರಸೀಕೆರೆ ಮನೆ ಕಸಕ್ಕೂ ಕಠ್ಮಂಡುಗೆ ಹೋಗೋ ವಿಮಾನಕ್ಕೂ ಏನ್ ಸಂಬಂಧ?"

"ಮನೆ ಮಗಳು ಎಲ್ಲಿಂದ ಹೊರಟ್ರೂ ಮನೆಯಿಂದ ಹೊರಟಂಗೇ ಕಣವ್ವ. ಸಾವಿರದ ಎಂಟ್ನೂರು ಕಿಲೋಮೀಟರ್ ಐತಂತೆ. ಹತ್ರ ಹತ್ರ ಮೂರು ಗಂಟೆ. ನಾವು ಬೆಂಗಳೂರಿಗೆ ರೈಲಲ್ಲಿ ಹೋದಷ್ಟು ಹೊತ್ತು, ಅಷ್ಟೇಯ. ಹತ್ತರೊಳಗೆ ಇಳೀತಾಳೆ, ಆಮೇಲೆ ಗುಡಿಸುವಂತೆ."

ಈ ನೇಮ ಅವರ ಹೆಂಡತಿ ಶಿವಗಂಗಮ್ಮನದು. ಗಂಡ ಕೊಬ್ಬರಿ ವ್ಯಾಪಾರಕ್ಕೆಂದು ಬೇಲೂರಿಗೆ ಹೊರಟರೂ ಸರಿ, ದೆಹಲಿಗೆ ಹೊರಟರೂ ಸರಿ, ತಲುಪಿದರೆಂದು ತಿಳಿಯುವ ತನಕ ಆಕೆ ಪೊರಕೆ ಮುಟ್ಟುತ್ತಿರಲಿಲ್ಲ. ಷಡಕ್ಷರಪ್ಪ ನಗುತ್ತಿದ್ದರು. ಹೋದ ಕಾರ್ತಿಕದಲ್ಲಿ ಆಕೆ ಶಿವೈಕ್ಯಳಾದ ಮೇಲೆ ಆ ನೇಮವನ್ನು ತಾವೇ ಹಿಡಿದಿದ್ದರು.

ಹತ್ತಾಯಿತು. ಫೋನು ಬರಲಿಲ್ಲ, ಸ್ವಾಮಿಗಳ ಕಾರು ಬಂತು.

"ಮಾನ ಹೋಗುತ್ತೆ ಮಾವ," ಗಿರಿಜಾ ಪಿಸುಗುಟ್ಟಿದಳು. "ನನ್ನ ಹೊಟ್ಟೇಲಿ ಹುಟ್ಟಿದೋಳು ಅವಳು. ನನಗಿಲ್ಲದ ಹೆದರಿಕೆ ನಿಮಗ್ಯಾಕೆ?"

"ನಿಮ್ಮತ್ತೇನ ಹೊಸ್ತಿಲು ದಾಟಿಸಿದ ತಕ್ಷಣ ಮನೆಯೆಲ್ಲ ಗುಡಿಸಿದ್ರಿ, ತೊಳೆದ್ರಿ. ಹಂಗೆ ಗುಡಿಸೋದು ತಿರುಗಿ ಬರದೇ ಇರೋರ ಹಿಂದೆ ಮಾತ್ರ ಕಣವ್ವ."

ಗಿರಿಜಾ ಪೊರಕೆಯನ್ನು ಮೂಲೆಗೆ ಒರಗಿಸಿದಳು.

ಷಡಕ್ಷರಪ್ಪ ಹೊರಗೆ ಬಂದು ಅಡ್ಡಬಿದ್ದರು. "ಬುದ್ಧಿ, ತಪ್ಪು ತಿಳೀಬಾರದು. ಮನೆ ಗುಡಿಸಿಲ್ಲ. ಮೊಮ್ಮಗಳು ನೇಪಾಳಕ್ಕೆ ಹೊರಟವ್ಳೆ, ಇನ್ನೂ ತಲುಪಿಲ್ಲ."

"ವಿಮಾನದಲ್ಲಿ ಹೋಗ್ತಿದ್ದಾಳೇನು?"

"ವಿಮಾನದಲ್ಲಿ ಹೋಗ್ತಿಲ್ಲ ಬುದ್ಧಿ," ಎನ್ನುವಾಗ ಮುದುಕರ ಬೆನ್ನು ನೆಟ್ಟಗಾಯಿತು. "ವಿಮಾನ ಹೊಡ್ಕೊಂಡು ಹೋಗ್ತಾವ್ಳೆ. ಪರದೇಶಕ್ಕೆ ಇದೇ ಮೊದಲು. ಹಿಂದೆ ನೂರೈವತ್ತು ಜನ ಕೂತವ್ರೆ."

ಸ್ವಾಮಿಗಳು ಪಾದುಕೆ ಬಿಟ್ಟು ಜಗಲಿಯ ಮೇಲೆ ಕುಳಿತರು. "ಹಾಗಾದ್ರೆ ಇವತ್ತು ನೂರೈವತ್ತು ಮನೇಲಿ ಕಸ ಕಾಯ್ತಿದೆ ಅನ್ನಿ. ಇಳೀಲಿ, ನಾವೂ ಕಾಯ್ತೀವಿ."

ಷಡಕ್ಷರಪ್ಪನವರ ಕೈ ಎದೆಯ ಮೇಲಿನ ಲಿಂಗದ ಮೇಲೆಯೇ ಇತ್ತು. ಹತ್ತೂಮುಕ್ಕಾಲಿಗೆ ಫೋನು ಬಡಿದುಕೊಂಡಿತು.

"ತಾತ, ಇಳಿದೆ! ಇಲ್ಲಿ ಮಂಜು, ಮೇಲೇ ಸುತ್ತು ಹಾಕಿಸಿಬಿಟ್ರು. ಬೇಗ ಗುಡಿಸ್ಕೊಂಡ್ಬಿಡಿ, ಇನ್ನೊಂದು ಗಂಟೆಗೆ ವಾಪಸ್ ಹೊರಡ್ತೀನಿ."

ಗಿರಿಜಾ ಕಣ್ಣೊರೆಸಿಕೊಂಡು ಮೂಲೆಗೆ ಕೈಚಾಚುವಷ್ಟರಲ್ಲಿ ಪೊರಕೆ ಷಡಕ್ಷರಪ್ಪನವರ ಕೈಯಲ್ಲಿತ್ತು. ಶಿವಗಂಗಮ್ಮ ತಾನೇ ತೆಂಗಿನ ಗರಿ ಸೀಳಿ ಕಟ್ಟಿದ ಕೊನೆಯ ಕಡ್ಡಿಪೊರಕೆ. ಜನ್ಮದಲ್ಲಿ ಒಂದು ದಿನವೂ ಕಸ ಗುಡಿಸದ ಮನುಷ್ಯ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದು, ಸ್ವಾಮಿಗಳ ಎದುರಿಗೇ ಬಗ್ಗಿ ನಿಂತರು.

"ಕೊಡಿ ಮಾವ, ನಾನು ಗುಡಿಸ್ತೀನಿ."

"ನೀನು ಪೂಜೆ ಸಾಮಾನು ನೋಡ್ಕೋ ಹೋಗು. ಪೈಲಟ್ಟು ಹೇಳಿರೋದು ನನಗೆ."