ಹಡ್ಲು

ಕೆಸರಿನಲ್ಲಿ ನೆನೆದ ಹುಲ್ಲಿನ ವಾಸನೆ ಬಂದರೆ ಇಂದಿಗೂ ನನ್ನ ತಲೆ ತಗ್ಗುತ್ತದೆ.

ಆ ವರ್ಷದ ಹುತ್ತರಿ ಸುಗ್ಗಿಹಬ್ಬದ ಮಧ್ಯಾಹ್ನ ಅಜ್ಜ ನನ್ನನ್ನು ಕರೆದುಕೊಂಡು, ನಮ್ಮ ಹಡ್ಲು ದಾಟಿ ನೆರೆಮನೆಗೆ ಹೊರಟಿದ್ದರು. ಹಬ್ಬಕ್ಕೆ ಭತ್ತದ ಕದಿರು ತೆಗೆಯಲು ನಮಗೆ ಬೆಳೆದ ಗದ್ದೆಯಿರಲಿಲ್ಲ, ಅವರನ್ನು ಕೇಳಬೇಕಿತ್ತು.

"ಇದಕ್ಕೆ ಹಡ್ಲು ಅಂತ ಎಂತಕ್ಕೆ ಹೇಳೋದು ಅಜ್ಜ?"

"ಉಳದೆ ಹಡಿಲು ಬಿಟ್ಟ ಗದ್ದೆ ಮಗಾ. ನೀರು ನಿಂತು ಹುಲ್ಲು ಬೆಳೆದ್ರೆ ಹಡ್ಲು."

"ಎಂತಕ್ಕೆ ಬಿಟ್ಟದ್ದು?"

"ಉಳುವವರೆಲ್ಲ ಬಿಳಿ ದೊರೆಯ ಕಾಫಿ ತೋಟಕ್ಕೆ ಹೋದ್ರಲ್ಲ."

ನೆರೆಮನೆಯ ಅಂಗಳದಲ್ಲಿ ಒಬ್ಬ ಆಳು ಕತ್ತಿ ಮಸೆಯುತ್ತಿದ್ದ. ಅವನ ಬರಿಬೆನ್ನಿನ ತುಂಬ ಚಾಟಿಯ ಹಳೆಯ ಕಲೆಗಳು.

"ಕದಿರು ಧಾರಾಳ ತೆಗೀರಿ," ಎಂದರು ಮನೆಯ ಯಜಮಾನರು. "ಗದ್ದೆ ಉತ್ತವನು ಇವನೇ. ಮೊದಲು ನಿಮ್ಮಲ್ಲೇ ಇದ್ದವನಲ್ವಾ?"

ಅಜ್ಜನ ಕಣ್ಣು ಆ ಬೆನ್ನಿನಿಂದ ನೆಲಕ್ಕಿಳಿಯಿತು. ಆಳು ಎದ್ದು ನಿಂತು, ಹೆಗಲ ವಸ್ತ್ರ ಎಳೆದು ಬೆನ್ನು ಮುಚ್ಚಿಕೊಂಡ.